ಅಫೀಲಿಯನ್‌ನಿಂದ ಚಳಿ, ಕೆಮ್ಮು ಬರುವುದಿಲ್ಲ

"ನಾಳೆ ಬೆಳಗ್ಗೆ 5.27ಕ್ಕೆ ಅಫೀಲಿಯನ್ ಶುರು, ಭೂಮಿ ಸೂರ್ಯನಿಂದ ದೂರ ಹೋಗುತ್ತೆ, ಆಗಸ್ಟ್‌ವರೆಗೆ ಭಾರೀ ಚಳಿ, ಮೈಕೈ ನೋವು, ಕೆಮ್ಮು" ಅನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು. ಮಾಮೂಲಿ ದೂರ 9 ಕೋಟಿ ಕಿ.ಮೀ., ಈಗ 15.2 ಕೋಟಿ ಆಗುತ್ತೆ ಅಂತ ಲೆಕ್ಕ ಬೇರೆ ಕೊಟ್ಟಿದ್ದಾರೆ.

ಅಫೀಲಿಯನ್ ಅಂದರೆ ಭೂಮಿ ಸೂರ್ಯನಿಂದ ಅತಿ ದೂರ ಇರುವ ಹೊತ್ತು, ಪ್ರತಿ ವರ್ಷ ಜುಲೈ ಮೊದಲ ವಾರದ ಹೊತ್ತಿಗೆ ಬರುತ್ತೆ. 15.2 ಸರಿ. 9 ಕೋಟಿ ಪೂರ್ತಿ ತಪ್ಪು. ಶುಕ್ರ ಗ್ರಹವೇ ಸೂರ್ಯನಿಂದ 10.8 ಕೋಟಿ ಕಿ.ಮೀ. ದೂರದಲ್ಲಿದೆ, ಹಾಗಿರುವಾಗ ಭೂಮಿ ಅದಕ್ಕಿಂತ ಒಳಗೆ ಹೋಗುವುದು ಹೇಗೆ? ನಾವು ತೀರಾ ಹತ್ತಿರ ಹೋದಾಗಲೂ ಸುಮಾರು 14.7 ಕೋಟಿ ಕಿ.ಮೀ. ದೂರ ಇದ್ದೇ ಇರುತ್ತೆ, ಅದೂ ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಳ್ಳುವ ಹೊತ್ತಿಗೆ!

ಋತುಗಳು ಬದಲಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ಓರೆಯಾಗಿರುವುದರಿಂದ. ಜುಲೈನಲ್ಲಿ ಉತ್ತರಾರ್ಧ ಸೂರ್ಯನ ಕಡೆ ವಾಲಿರುತ್ತೆ. ಆ ತಿಂಗಳ ಮೊದಲ ವಾರ ಬೆಂಗಳೂರಲ್ಲಿ ಬಿಸಿಲು ಬಂದರೆ ನಡುಮಧ್ಯಾಹ್ನ ಒಂದು ಕೋಲು ನೆಟ್ಟು ನೋಡಿ, ನೆರಳು ಪುಟ್ಟದಾಗಿ ದಕ್ಷಿಣಕ್ಕೆ ಬೀಳುತ್ತೆ. ಜನವರಿಯಲ್ಲಿ ಅದೇ ನೆರಳು ಉತ್ತರಕ್ಕೆ, ಉದ್ದಕ್ಕೆ. ಹಗಲು ಕೂಡ ಜುಲೈನಲ್ಲೇ ಸುಮಾರು ಒಂದೂವರೆ ಗಂಟೆ ಜಾಸ್ತಿ. ಅದೇ ಜುಲೈನಲ್ಲಿ, ಅದೇ ದೂರದಲ್ಲಿ, ದೆಹಲಿಯಲ್ಲಿ ಸೆಕೆ, ಆಸ್ಟ್ರೇಲಿಯಾದಲ್ಲಿ ಚಳಿಗಾಲ.

ಮತ್ತೆ ನಮ್ಮಲ್ಲಿ ಜುಲೈ ತಂಪು ಯಾಕೆ? ಮುಂಗಾರಿನ ಮೋಡ, ಮಳೆ, ಅಷ್ಟೇ. ಮಳೆಗಾಲದ ನೆಗಡಿ ಕೆಮ್ಮಿಗೆ ವೈರಸ್ ಕಾರಣ, ದೂರ ಅಲ್ಲ. ಜ್ವರ ಬಿಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಸುಮ್ನೆ ಆಗಸ್ಟ್ ಮುಗಿಯಲಿ ಅಂತ ಕಾಯಬೇಡಿ.