ಕಾರ್ಡಿಗೆ ಯಾವ ಊರು?

ಮೂವತ್ತೆರಡು ವರ್ಷ ಹೈಸ್ಕೂಲ್ ಮೇಷ್ಟ್ರಾಗಿ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಹೋದ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಪೆಟ್ರೋಲ್ ಪಂಪು ನನ್ನನ್ನು ಹಾಗೆ ನಿಲ್ಲಿಸಿತು.

ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಪೆಟ್ರೋಲನ್ನು ನಾವೇ ತುಂಬಿಕೊಳ್ಳಬೇಕು. 'ಝೀರೋ ನೋಡ್ಕೊಳ್ಳಿ ಸಾರ್' ಅನ್ನುವ ಹುಡುಗ ಇರುವುದಿಲ್ಲ. ಮಗು ಹಿಂದಿನ ಸೀಟಿನಲ್ಲಿ ರಚ್ಚೆ ಹಿಡಿದಿತ್ತು. ಮಗಳು ತನ್ನ ಡೆಬಿಟ್ ಕಾರ್ಡು ಕೈಗೆ ಕೊಟ್ಟು, "ಅಪ್ಪಾ, ನೀನೇ ಹೋಗಿ ತುಂಬ್ಸು, ಕಷ್ಟ ಏನಿಲ್ಲ" ಅಂದಳು. ಕಾರ್ಡಿನ ನಾಲ್ಕಂಕಿಯ ಪಿನ್ನನ್ನೂ ಕಿವಿಯಲ್ಲಿ ಹೇಳಿದಳು. ಹೇಳಿದ ಕೂಡಲೇ ನಾನು ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತ ಪಂಪಿನ ಮುಂದೆ ನಿಂತೆ.

ಕಾರ್ಡು ತೂರಿಸಿದೆ. ಡೆಬಿಟ್ಟೋ ಕ್ರೆಡಿಟ್ಟೋ ಎಂದು ಕೇಳಿತು. ಗಾಬರಿಯಲ್ಲಿ ಕ್ರೆಡಿಟ್ ಒತ್ತಿದೆ. ಅಲ್ಲೇ ಎಡವಟ್ಟಾಗಿದ್ದು. ಡೆಬಿಟ್ ಒತ್ತಿದ್ದರೆ ಗುಟ್ಟಿನ ನಾಲ್ಕಂಕಿ ಕೇಳಿ ಸುಮ್ಮನಾಗುತ್ತಿತ್ತು. ಈಗ ಪರದೆ ಮೇಲೆ 'ಜಿಪ್ ಕೋಡ್ ಒತ್ತಿ' ಅಂತ ಬಂತು. ಅದೇ ಕಾರ್ಡು, ಅದೇ ಖಾತೆ. ಮುಂಬಾಗಿಲಿನಲ್ಲಿ ಒಂದು ಬೀಗ, ಹಿತ್ತಲ ಬಾಗಿಲಿನಲ್ಲಿ ಇನ್ನೊಂದು.

"ಪಿನ್ ಕೇಳ್ತಿದೆ ಕಣೇ!" ಎಂದು ಕೂಗಿದೆ.

"ಹೇಳಿದೀನಲ್ಲಪ್ಪಾ!"

"ಅದಲ್ಲ, ಪಿನ್‌ಕೋಡು!"

ಈ 'ಪಿನ್' ಅನ್ನುವ ಮಾತು ನಮ್ಮವರಿಗೆ ಎರಡು ಕಡೆ ಚುಚ್ಚುತ್ತದೆ. ಬ್ಯಾಂಕಿನವರದು ಗುಟ್ಟಾಗಿಡಬೇಕಾದ ಪಿನ್. ಅಂಚೆಯವರದು ಊರಿಗೆಲ್ಲ ಸಾರಬೇಕಾದ ಪಿನ್. ಒಂದನ್ನು ಯಾರಿಗೂ ಹೇಳಬೇಡಿ ಅಂತ ದಿನಾ ಮೆಸೇಜು ಬರುತ್ತದೆ. ಇನ್ನೊಂದನ್ನು ಬರೆಯದಿದ್ದರೆ ಪಾರ್ಸೆಲ್ಲೇ ಬರುವುದಿಲ್ಲ. ಅಮೆರಿಕದವರಿಗೆ ಈ ಗೋಜಲಿಲ್ಲ. ಅವರ ಅಂಚೆಯದು ಜಿಪ್, ಬ್ಯಾಂಕಿನದು ಪಿನ್.

ನನ್ನ ಕೈ ತನ್ನಷ್ಟಕ್ಕೇ ನಮ್ಮ ಮೈಸೂರು ಕುವೆಂಪುನಗರದ 570023 ಒತ್ತತೊಡಗಿತು. 57002 ಆಗುತ್ತಲೇ ಪಂಪು 'ಸಾಕು' ಅಂದಿತು. ಅಲ್ಲಿಯದು ಐದೇ ಅಂಕಿ. ನನ್ನ ಆರನೆಯ ಅಂಕಿ, ಆ ಪಾಪದ 3, ಬಸ್ಸಿನ ಫುಟ್‌ಬೋರ್ಡಿನಿಂದ ಜಾರಿದ ಹಾಗೆ ಹೊರಗೇ ಉಳಿಯಿತು. ಕಾರ್ಡು ತಿರಸ್ಕೃತ.

ಮಗಳು ಕಿಟಕಿ ಇಳಿಸಿ ಫ್ರೀಮಾಂಟಿನ ತನ್ನ ಮನೆಯ ಜಿಪ್ ಹೇಳಿದಳು. 94539. ಒತ್ತಿದೆ. ಅದೂ ತಿರಸ್ಕೃತ. ಒಳಗೆ ಹೋಗಿ ಕ್ಯಾಷಿಯರನ್ನು ನೋಡಿ ಅಂತ ಪರದೆ ಹೇಳಿತು. ಹಿಂದೆ ಎರಡು ಕಾರು ಬಂದು ನಿಂತಿದ್ದವು. ಅಲ್ಲಿಯವರು ಹಾರ್ನ್ ಮಾಡುವುದಿಲ್ಲ, ಸುಮ್ನೆ ನೋಡುತ್ತಾರೆ. ಅದಕ್ಕಿಂತ ಹಾರ್ನೇ ವಾಸಿ.

ಗಲ್ಲಾದಲ್ಲಿದ್ದವರು ಒಬ್ಬ ಸರ್ದಾರ್ಜಿ. ನನ್ನ ಮುಖ ನೋಡಿಯೇ ಅರ್ಥವಾಯಿತೋ ಏನೋ. "ಅಂಕಲ್‌ಜೀ, ಬೇಟಿ ಮನೆ ಬದಲಾಯಿಸಿದಾಳಾ?" ಎಂದು ಹಿಂದಿಯಲ್ಲಿ ಕೇಳಿದರು. ಹೌದು, ಎರಡು ವರ್ಷದ ಹಿಂದೆ ಸನಿವೇಲ್‌ನಿಂದ ಬಂದಳು ಅಂದೆ. "ಹಾಗಾದ್ರೆ ಹಳೇ ಮನೇದು ಒತ್ತಿ." ಅವರು ಈ ಮಾತನ್ನು ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ.

94086 ಒತ್ತಿದೆ. ಪಂಪು ಗುಡುಗುಟ್ಟಿ ಪೆಟ್ರೋಲು ಬಿಟ್ಟಿತು.

ಮಗಳಿಗೆ ನಾಚಿಕೆ. ಬಾಡಿಗೆ ಕರಾರು, ಲೈಸೆನ್ಸು, ಮಗುವಿನ ಡಾಕ್ಟರು, ಎಲ್ಲ ಕಡೆ ವಿಳಾಸ ಬದಲಾಯಿಸಿದ್ದಳು, ಬ್ಯಾಂಕು ಮಾತ್ರ ಬಿಟ್ಟುಹೋಗಿತ್ತು. ಸ್ಟೇಟ್‌ಮೆಂಟೆಲ್ಲ ಈಮೇಲಿಗೇ ಬರುವಾಗ ವಿಳಾಸ ಯಾರಿಗೆ ನೆನಪಾಗುತ್ತದೆ? ಇಷ್ಟು ದಿನ ಪೆಟ್ರೋಲ್ ಹೇಗೆ ಹಾಕಿಸಿದೆ ಅಂದರೆ, "ಯಾವಾಗ್ಲೂ ಡೆಬಿಟ್ ಒತ್ತೋದಪ್ಪಾ, ನಿನ್ ಥರ ಅಲ್ಲ" ಅಂದಳು. ದಾರಿಯಲ್ಲಿ ಈ ಜಿಪ್ಪಿನ ಮರ್ಮವನ್ನೂ ವಿವರಿಸಿದಳು. ಪಂಪಿನ ಹತ್ತಿರ ಮನುಷ್ಯರಿಲ್ಲ, ಗುರುತು ಹಿಡಿಯುವವರಿಲ್ಲ. ದಾರಿಯಲ್ಲಿ ಬಿದ್ದ ಕಾರ್ಡು ಎತ್ತಿಕೊಂಡು ಬಂದವನಿಗೆ ಅದರ ಯಜಮಾನನ ಮನೆ ಎಲ್ಲಿ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಈ ಪ್ರಶ್ನೆ. ನಾವು ಒತ್ತಿದ ಅಂಕಿ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕು ತನ್ನಲ್ಲಿರುವ ವಿಳಾಸದ ಜೊತೆ ತಾಳೆ ನೋಡಿ ಹೊಂದಿತು, ಹೊಂದಲಿಲ್ಲ ಅನ್ನುತ್ತದೆ. ಸರಿಯುತ್ತರ ಯಾವುದು ಅಂತ ಮಾತ್ರ ಬಾಯಿ ಬಿಡುವುದಿಲ್ಲ. ನಾವು ಈಗ ಎಲ್ಲಿದ್ದೇವೆ ಅನ್ನುವುದು ಅದಕ್ಕೆ ಬೇಕಿಲ್ಲ. ನಾವು ಎಲ್ಲಿದ್ದೇವೆ ಅಂತ ಅದು ನಂಬಿದೆಯೋ, ಅದನ್ನು ನಾವು ಹೇಳಬೇಕು. ಹಳೇ ಅತ್ತೆಯರ ಹಾಗೆ.

ಅಕ್ಕಪಕ್ಕದ ಕೆನಡಾದವರ ಪಾಡು ಇನ್ನೂ ಚೆಂದ. ಅವರ ಅಂಚೆ ಕೋಡಿನಲ್ಲಿ ಅಕ್ಷರವೂ ಉಂಟು, ಅಂಕಿಯೂ ಉಂಟು. ಅಮೆರಿಕದ ಪಂಪಿನಲ್ಲಿ ಅಕ್ಷರದ ಗುಂಡಿಯೇ ಇಲ್ಲ. ಅದಕ್ಕೆ ಅವರು ತಮ್ಮ ಕೋಡಿನ ಮೂರು ಅಂಕಿ ಮಾತ್ರ ಹೆಕ್ಕಿ, ಕೊನೆಗೆ ಎರಡು ಸೊನ್ನೆ ಅಂಟಿಸಿ ಒತ್ತುವ ಉಪಾಯ ಕಂಡುಕೊಂಡಿದ್ದಾರೆ. ನಮ್ಮಂಥ ಆರಂಕಿಯವರಿಗೆ ಗಲ್ಲಾದ ಸರ್ದಾರ್ಜಿಯೇ ಗತಿ.

ಅಂದಹಾಗೆ ಈ ಅಂಕಿಗಳ ವಿಷಯದಲ್ಲಿ ನಾನು ಸೋಲಬಾರದಿತ್ತು. ನಮ್ಮಪ್ಪ ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್. ಮನೆಯ ಜಗಲಿಯೇ ಪೋಸ್ಟಾಫೀಸು. ಒಂದು ಮೇಜು, ಒಂದು ಮುದ್ರೆ, ಇಂಕಿನ ಪ್ಯಾಡು, ತಕ್ಕಡಿ. ಅಮೆರಿಕದಲ್ಲಿ ಜಿಪ್ ಬಂದದ್ದು 1963ರಲ್ಲಿ. ನಮ್ಮಲ್ಲಿ ಪಿನ್‌ಕೋಡು ಬಂದದ್ದು 1972ರ ಆಗಸ್ಟ್ 15ರಂದು. ನಾನಾಗ ನಾಲ್ಕನೇ ಕ್ಲಾಸು. ಕಾರ್ಡಿನ ಮೇಲೂ ಇನ್‌ಲ್ಯಾಂಡ್ ಲೆಟರಿನ ಮೇಲೂ ಆರು ಪುಟ್ಟ ಚೌಕ ಬಂದವು. ಹಳ್ಳಿಯವರು ಅದನ್ನು ಖಾಲಿ ಬಿಡುವರು, ಇಲ್ಲವೇ ಅಲ್ಲಿ 'ಕ್ಷೇಮ' ಅಂತ ಬರೆಯುವರು. ಅಪ್ಪ ಕಡ್ಡಿಪೆನ್ನಿನಲ್ಲಿ ಒಂದೊಂದನ್ನೂ ತುಂಬುವರು. ರಾತ್ರಿ ಮಗ್ಗಿ ಹೇಳಿಸಿದ ಮೇಲೆ ಪಿನ್‌ಕೋಡು ಹೇಳಿಸುವರು. ತೀರ್ಥಹಳ್ಳಿ? 577432. ಸಾಗರ? 577401. ಶಿವಮೊಗ್ಗ? 577201. ತಪ್ಪಿದರೆ ತಲೆಗೆ ಮೊಟಕು.

ಮೊದಲ ಅಂಕಿ 5 ಅಂದರೆ ಆಂಧ್ರ, ಕರ್ನಾಟಕದ ಕಡೆ. ಮೊದಲ ಮೂರು ಸೇರಿದರೆ ಕಾಗದ ವಿಂಗಡಿಸುವ ಜಿಲ್ಲೆ. ಕೊನೆಯ ಮೂರು, ಮನೆಗೆ ತಲುಪಿಸುವ ಪೋಸ್ಟಾಫೀಸು. ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲವೂ 577ರ ಅಡಿಯಲ್ಲೇ ಬರುವುದು. ಬಯಲುಸೀಮೆ, ಮಲೆನಾಡು ಎಂಬ ಜಗಳ ಅಂಚೆಯವರಿಗಿಲ್ಲ. ಒಂದೇ ಹೆಸರಿನ ಊರು ದೇಶದಲ್ಲಿ ಹತ್ತಾರು, ವಿಳಾಸ ಬರೆಯುವವರ ಭಾಷೆ ಹಲವಾರು, ಅಕ್ಷರ ಬ್ರಹ್ಮಲಿಪಿ. ಅದಕ್ಕೇ ಈ ಅಂಕಿ ಬೇಕಾಯಿತು. ಇದನ್ನು ರೂಪಿಸಿದವರು ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಆಫೀಸಿನ ಆಚೆ ಅವರು ಸಂಸ್ಕೃತ ಕವಿ. ಛಂದಸ್ಸಿನಲ್ಲಿ ಮೂರು ಮೂರು ಅಕ್ಷರಕ್ಕೆ ಒಂದು ಗಣ ಅಲ್ವಾ? ಪಿನ್‌ಕೋಡೂ ಮೂರು ಮತ್ತು ಮೂರು. ಅವರು ಹಾಗೆಂದುಕೊಂಡೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ 'ಯಮಾತಾರಾಜಭಾನಸಲಗಂ' ಪಾಠ ಮಾಡಿದ ಮೇಷ್ಟ್ರಿಗೆ ಹಾಗನ್ನಿಸುವುದನ್ನು ತಡೆಯಲಾಗುವುದಿಲ್ಲ.

ಬ್ಯಾಂಕಿನ ಪಿನ್ನಿಗೂ ಒಂದು ಕಥೆಯಿದೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ದುಡ್ಡು ಕೊಡುವ ಯಂತ್ರ ಕೂಡಿಸಿದ ಜಾನ್ ಶೆಫರ್ಡ್ ಬ್ಯಾರನ್ ಅನ್ನುವವರು ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವರೇ ಹೇಳಿಕೊಂಡ ಪ್ರಕಾರ, ಮೊದಲು ಆರು ಅಂಕಿಯ ಗುಟ್ಟು ಇಡಬೇಕೆಂದಿದ್ದರಂತೆ. ಅಡುಗೆಮನೆಯಲ್ಲಿ ಕೂತು ಹೆಂಡತಿಯನ್ನು ಕೇಳಿದರೆ, ನನಗೆ ನಾಲ್ಕರ ಮೇಲೆ ನೆನಪಿರುವುದಿಲ್ಲ ಅಂದರಂತೆ. ಹಾಗಾಗಿ ನಾಲ್ಕು. ಆ ಅಮ್ಮ ನಮ್ಮಪ್ಪನ ಕೈಗೆ ಸಿಗಬೇಕಿತ್ತು. ಎರಡು ಮೊಟಕು ಬಿದ್ದಿದ್ದರೆ ಇವತ್ತು ಲೋಕವೆಲ್ಲ ಆರು ಅಂಕಿ ಒತ್ತುತ್ತಿತ್ತು.

ಮೈಸೂರಿಗೆ ಬಂದ ಮೇಲೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮಗಳ ಕಾರ್ಡು ಸನಿವೇಲಿನದು. ನನ್ನ ಕಾರ್ಡು ಯಾವ ಊರಿನದು? ಇಲ್ಲಿ ಯಾರೂ ಕೇಳುವುದಿಲ್ಲ, ನಿಜ. ಫೋನಿಗೆ ಓಟಿಪಿ ಬಂದರೆ ಮುಗಿಯಿತು. ಆದರೂ ತಿಳಿಯಬೇಕು ಅನ್ನಿಸಿತು.

ಕನ್ನಡಕ ಹಾಕಿಕೊಂಡು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದೆ. ಹದಿನಾರು ಅಂಕಿ, ಮುಗಿಯುವ ತಿಂಗಳು, ಹಿಂದೆ ಇನ್ನು ಮೂರು ಅಂಕಿ. ಇಷ್ಟೊಂದು ಅಂಕಿಯಲ್ಲಿ ಊರಿನದು ಒಂದೂ ಇಲ್ಲ. ವಿಳಾಸ ಬ್ಯಾಂಕಿನ ಕಂಪ್ಯೂಟರಿನಲ್ಲಿ ಇರುತ್ತದೆಯೇ ಹೊರತು ಕಾರ್ಡಿನ ಮೇಲಲ್ಲ. ಆಪ್ ತೆಗೆದು ನೋಡೋಣ ಅಂದರೆ ಪಾಸ್‌ವರ್ಡು ಮರೆತಿದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಪ್ರಿಂಟರಿನ ಇಂಕು ಮುಗಿಯುವ ಹೊತ್ತಿಗೆ ಹೊಡೆದ ಮುದ್ರಣ. ಹೆಸರು ಕಾಣುತ್ತದೆ, ಅಪ್ಪನ ಹೆಸರು ಅರ್ಧ ಕಾಣುತ್ತದೆ, ಆಮೇಲೆ ಬಿಳಿ ಮಂಜು. ಮಂಜಿನ ಕೊನೆಯಲ್ಲಿ ಒಂದು 2 ಇದ್ದಂತಿತ್ತು. 3 ಅಂತೂ ಅಲ್ಲ.

"ಇದೊಂದು ಕೆಲಸ ಅಂತ ಬ್ಯಾಂಕಿಗೆ ಹೋಗ್ತೀರಾ?" ಅಂದಳು ಇವಳು. ಹೋದೆ. ರಿಟೈರ್ ಆದವನಿಗೆ ಬ್ಯಾಂಕು, ಪಾರ್ಕು ಎರಡೂ ಒಂದೇ.

ಕೌಂಟರಿನ ಹುಡುಗಿ ಒಳ್ಳೆಯವಳು. ಖಾತೆ ನಂಬರ್ ಹೊಡೆದು, "ಐದು ಏಳು ಏಳು, ನಾಲ್ಕು ಮೂರು ಎರಡು ಸಾರ್" ಅಂದಳು. ಎಷ್ಟೋ ವರ್ಷದ ಮೇಲೆ ಆ ಆರು ಅಂಕಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು. ಮೂರಕ್ಕೆ ಒಂದು ಸಣ್ಣ ತಡೆ ಕೊಟ್ಟು, ಅಪ್ಪ ಹೇಳಿಸುತ್ತಿದ್ದ ಹಾಗೇ.

ಮೊದಲ ಸಂಬಳಕ್ಕೆ ಖಾತೆ ತೆರೆದದ್ದು ತೀರ್ಥಹಳ್ಳಿಯಲ್ಲಿ. ಆಮೇಲೆ ವರ್ಗವಾದ ಹಾಗೆ ಖಾತೆಯೂ ಶಾಖೆಯಿಂದ ಶಾಖೆಗೆ ಬಂತು. ಮೈಸೂರಿನಲ್ಲಿ ಮನೆ ಕಟ್ಟಿದೆ, ಆಧಾರ್ ಬದಲಾಯಿತು, ಗ್ಯಾಸು, ವೋಟು ಎಲ್ಲ ಬದಲಾಯಿತು. ಪತ್ರ ಬರುವ ವಿಳಾಸದ ಜಾಗದಲ್ಲಿ ಮಾತ್ರ ಅಪ್ಪನ ಜಗಲಿ ಉಳಿದುಬಿಟ್ಟಿತ್ತು. ಅಪ್ಪ ಹೋಗಿ ಹದಿನೆಂಟು ವರ್ಷ. ಪೋಸ್ಟಾಫೀಸು ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿದೆ. ಮನೆಯಲ್ಲಿ ಈಗ ಚಿಕ್ಕಪ್ಪನ ಮಗ ಇದ್ದಾನೆ, ಜಗಲಿಯಲ್ಲಿ ಅಡಿಕೆ ಮೂಟೆ ಇವೆ.

"ಬದಲಾಯಿಸ್ಲಾ ಸಾರ್? ಆಧಾರ್ ಜೆರಾಕ್ಸ್ ಕೊಟ್ರೆ ಸಾಕು."

ಜೇಬಿನಲ್ಲಿ ಜೆರಾಕ್ಸ್ ಇತ್ತು. "ತಂದಿಲ್ಲಮ್ಮ, ನಾಳೆ ತರ್ತೀನಿ" ಅಂದೆ. ಯಾಕೆ ಸುಳ್ಳು ಹೇಳಿದೆನೋ. ಆ ನಾಳೆ ಎರಡು ತಿಂಗಳಾದರೂ ಬರಲಿಲ್ಲ.

ಅಷ್ಟರಲ್ಲಿ ಕಾರ್ಡಿನ ಅವಧಿ ಮುಗಿಯುತ್ತ ಬಂತು. ಹೊಸ ಕಾರ್ಡು ಕಳಿಸಿದ್ದೇವೆ ಅಂತ ಮೆಸೇಜೂ ಬಂತು. ವಾರ ಕಾದರೂ ಕಾರ್ಡಿಲ್ಲ. ಎಲ್ಲಿಗೆ ಕಳಿಸಿದ್ದಾರೆ ಅಂತ ಹೊಳೆಯುವ ಹೊತ್ತಿಗೆ ಊರಿನಿಂದ ಫೋನು.

"ಅಣ್ಣಯ್ಯಾ, ನಿನ್ ಹೆಸರಿಗೆ ಒಂದು ಲಕೋಟೆ ಬಂದದೆ. ಬ್ಯಾಂಕಿಂದು. ಮುಟ್ಟಿದ್ರೆ ಒಳಗೆ ಏನೋ ಗಟ್ಟಿ ಸಿಗ್ತದೆ. ಪೋಸ್ಟಿನ ಹುಡುಗ, ಇದು ಪೋಸ್ಟ್‌ಮಾಸ್ಟರ ಮಗಂದಲ್ವಾ ಅಂತ ತಾನೇ ತಂದುಕೊಟ್ಟ. ಭಾನುವಾರ ಮೈಸೂರಿಗೆ ಜನ ಬರೋರಿದಾರೆ, ಅವರ ಕೈಲಿ ಕಳಿಸ್ಲಾ?"

ಭಾನುವಾರ ಸಂಜೆ ಬಂತು. ಅಪ್ಪೆಮಿಡಿ ಡಬ್ಬ, ಒಂದು ಹಾಳೆಯಲ್ಲಿ ಸುತ್ತಿದ ಚಾಲಿ ಅಡಿಕೆ, ಎರಡರ ನಡುವೆ ಬ್ಯಾಂಕಿನ ಲಕೋಟೆ. ಡಬ್ಬದ ಮುಚ್ಚಳ ಸ್ವಲ್ಪ ಸಡಿಲಾಗಿತ್ತು. ಕಾರ್ಡನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟುಕೊಂಡಿದ್ದೇನೆ. ಎಟಿಎಮ್ಮಿನಲ್ಲಿ ಹಿಂದೆ ನಿಂತವರಿಗೆ ಈಗಲೂ ಸಣ್ಣಗೆ ಸಾಸಿವೆ ವಾಸನೆ ಬರುತ್ತದಂತೆ. ಇವಳು ಹೇಳುವುದು.