ಮರಗೆಣಸು: ಸಿಪ್ಪೆ ಸಮೇತ ಬೇಯಿಸಬೇಡಿ

‘ಸಂಕ್ರಾಂತಿಯ ಸಿಹಿಗೆಣಸಿನ ಹಾಗೇ ಮರಗೆಣಸನ್ನೂ ಸಿಪ್ಪೆ ಸಮೇತ ಕುಕ್ಕರಿಗೆ ಹಾಕಿ, ಎರಡು ವಿಷಲ್ ಸಾಕು’ ಎಂಬ ಸಂದೇಶ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮರಗೆಣಸಿನಲ್ಲಿ ಲಿನಾಮರಿನ್ ಎಂಬ ರಾಸಾಯನಿಕ ಇದೆ. ಹಸಿಯಾಗಿ ತಿಂದರೆ ಅದರಿಂದ ಸಯನೈಡ್ ಹುಟ್ಟುತ್ತದೆ. ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಶಾಖವೊಂದರಿಂದಲೇ ಲಿನಾಮರಿನ್ ಪೂರ್ತಿ ಹೋಗದು, ಅದು ಕುದಿಯುವ ನೀರಿಗೆ ಇಳಿದು ಹೋಗಬೇಕು. ಹಾಗಾಗಿ ಕಂದು ಸಿಪ್ಪೆಯ ಜೊತೆ ಅದರಡಿಯ ದಪ್ಪ ಪದರವನ್ನೂ ಚಾಕುವಿನಿಂದ ಸೀಳಿ ಬಿಡಿಸಿ. ಸಣ್ಣ ಹೋಳು ಮಾಡಿ, ಧಾರಾಳ ನೀರಲ್ಲಿ, ಮುಚ್ಚಳವಿಲ್ಲದೆ, 25 ನಿಮಿಷವಾದರೂ ಕುದಿಸಿ. ನಡುವಿನ ನಾರು ಎಳೆದು ಬಿಸಾಡಿ.

ಬಸಿದ ನೀರು ಮೋರಿಗೇ ಹೋಗಲಿ. ಬಸ್ಸಾರಿನ ಊರಿನವರಿಗೆ ಕೈ ಬರುವುದಿಲ್ಲ, ಗೊತ್ತು! ಕಹಿ ಬಂದ ಗೆಡ್ಡೆಯನ್ನು ಒಗ್ಗರಣೆಯಿಂದ ಉಳಿಸಲು ಹೋಗಬೇಡಿ, ಎಸೆಯಿರಿ.