ಲಾಭ, ಎರಡು, ಮೂರು...

ಸಿಂಗಪುರ ಹೇಗಿತ್ತು ಮಿಸ್ ಅಂತ ಸ್ಟಾಫ್ ರೂಮಲ್ಲಿ ಕೇಳಿದಾಗ ನನ್ನ ಬಾಯಿಂದ ತಟ್ಟಂತ ಬಂದಿದ್ದು "ಮೂವತ್ನಾಲ್ಕು". ಎಲ್ರೂ ನಾನು ಅಲ್ಲಿನ ಸೆಕೆ ಹೇಳ್ತಿದೀನಿ ಅಂದ್ಕೊಂಡ್ರು. ಅಲ್ಲ ಮಾರಾಯ್ರೆ, ಅದು ಮಕ್ಕಳ ಲೆಕ್ಕ.

ಎಂಟು, ಒಂಬತ್ತನೇ ಕ್ಲಾಸಿನ 34 ಮಕ್ಕಳು, ಮೂರು ಜನ ಟೀಚರ್ಸು, ಮುಂದೆ ಬಾವುಟ ಹಿಡ್ಕೊಂಡು ಓಡೋ ಒಬ್ಬ ಟೂರ್ ಮ್ಯಾನೇಜರ್ರು. ನಮ್ಮ ಜೊತೆ ಮ್ಯಾಥ್ಸ್ ಮೇಷ್ಟ್ರೂ ಬಂದಿದ್ರು, ಆದ್ರೆ ಎಣಿಸೋ ಕೆಲಸ ಮಾತ್ರ ಕನ್ನಡ ಮಿಸ್ಸಿಗೇ ಬಂತು, ಯಾಕಂದ್ರೆ ನನ್ನ ಗಂಟಲು ದೊಡ್ಡದಂತೆ. ನಾನು ಮಕ್ಕಳನ್ನ ಎಣಿಸೋಕೆ ಮೊದ್ಲು ಸ್ವಲ್ಪ ಹಿಂದೆಮುಂದೆ ನೋಡ್ದೆ. ಮಕ್ಕಳ ತಲೆ ಎಣಿಸಬಾರದು ದೃಷ್ಟಿ ಆಗುತ್ತೆ ಅಂತ ಅಜ್ಜಿ ಬೈತಿದ್ಲು. ಅಜ್ಜ ಕಣದಲ್ಲಿ ರಾಗಿ ಅಳೆಯುವಾಗ ಒಂದು ಅಂತ ಶುರು ಮಾಡ್ತಾನೇ ಇರ್ಲಿಲ್ಲ, ಮೊದಲನೇ ಸೇರಿಗೆ "ಲಾಭ" ಅಂದು ಆಮೇಲೆ ಎರಡು, ಮೂರು ಅಂತಿದ್ದ. ಅದು ನೆನಪಾಗಿ ಏರ್‌ಪೋರ್ಟಲ್ಲಿ ಮೊದಲ ಹುಡುಗಿಯ ತಲೆ ಮುಟ್ಟಿ ಲಾಭ ಅಂದೆ. ರಾಗಿ ಅಳೆದಂಗಾಯ್ತು, ಎಣಿಸಿದಂಗಾಗ್ಲಿಲ್ಲ, ಅಜ್ಜಿ ಮಾತೂ ಉಳೀತು. ಮಕ್ಕಳು ಕಿಸಕ್ಕಂತ ನಕ್ಕವು.

ಹೊರಡೋ ಮೊದಲಿನ ಪೇರೆಂಟ್ಸ್ ಮೀಟಿಂಗೇ ಒಂದು ಪ್ರಬಂಧ ಆಗುತ್ತೆ. ಚೂಯಿಂಗ್ ಗಮ್ ಬೇಡ, 1992ರಿಂದ ಅಲ್ಲಿ ನಿಷೇಧ ಅಂದಾಗ ಎಲ್ರೂ ತಲೆ ಆಡಿಸಿದ್ರು. ಗಸಗಸೆ ಹಾಕಿದ್ದು ಏನೂ ಕಳಿಸ್ಬೇಡಿ, ಆ ದೇಶದಲ್ಲಿ ಅದು ಡ್ರಗ್ಸ್ ಲೆಕ್ಕಕ್ಕೆ ಬರುತ್ತೆ ಅಂದಾಗ ಮಾತ್ರ ಒಬ್ರು ತಾಯಿ ಎದ್ದು ನಿಂತು, ಹಬ್ಬಕ್ಕೆ ಪಾಯಸ ಮಾಡಿ ಕುಡಿಯೋ ನಮ್ಮನ್ನೆಲ್ಲ ಏನಂದ್ಕೊಂಡಿದಾರೆ ಮಿಸ್ ಅವ್ರು ಅಂತ ನನ್ನನ್ನೇ ತರಾಟೆಗೆ ತಗೊಂಡ್ರು. ನಾನೇ ಸಿಂಗಪುರದ ಸರ್ಕಾರ ಅನ್ನೋ ಹಂಗೆ.

34 ಪಾಸ್‌ಪೋರ್ಟು ನನ್ನ ಸೊಂಟದ ಪೌಚಲ್ಲಿ. ಇಮಿಗ್ರೇಷನ್ ದಾಟಿದ ತಕ್ಷಣ ಮಕ್ಕಳ ಕೈಯಿಂದ ಕಿತ್ಕೊಂಡು ಅದಕ್ಕೆ ತುರುಕಿ ಮತ್ತೆ ಎಣಿಸೋದು. ಮಕ್ಕಳು 34 ಇದ್ದು ಪಾಸ್‌ಪೋರ್ಟ್ 33 ಆದ್ರೆ ಎದೆ ಹೊಡ್ಕೊಳ್ಳುತ್ತಲ್ಲ, ಅದರ ಮುಂದೆ ಪಿಯುಸಿ ರಿಸಲ್ಟ್ ಏನೂ ಅಲ್ಲ. (ಎರಡು ಒಂದಕ್ಕೊಂದು ಅಂಟ್ಕೊಂಡಿದ್ವು.)

ಮೆರ್ಲಯನ್ ಅಂತ ಒಂದು ಪ್ರತಿಮೆ ಇದೆ, ಸಿಂಹದ ತಲೆ, ಮೀನಿನ ಮೈ, ಬಾಯಿಂದ ನೀರು. 1972ರಿಂದ ನೀರು ಉಗುಳ್ತಾ ನಿಂತಿದೆ, ಎತ್ತರ 8.6 ಮೀಟರ್. ಇಷ್ಟನ್ನ ಗೈಡ್ ಹೇಳಿದ್ದು ಕಿವಿಗೆ ಬಿತ್ತು. ಕಣ್ಣಿಗೆ ಬಿದ್ದಿದ್ದು ನಮ್ಮ ಮಕ್ಕಳ ಹಳದಿ ಟೋಪಿ ಮಾತ್ರ. ಲಾಭ, ಎರಡು, ಮೂರು ಅಂತ ಹೊರಟಿದ್ದು ಹೋಗಿ ನಿಂತಿದ್ದು 35ಕ್ಕೆ! ಒಂದು ಕಮ್ಮಿ ಆದ್ರೆ ಹುಡುಕಬಹುದು, ಒಂದು ಜಾಸ್ತಿ ಆದ್ರೆ ಏನು ಮಾಡೋದು ಹೇಳಿ. ಮೂರು ಸಲ ಎಣಿಸಿದ್ರೂ 35. ಮುಖ ನೋಡಿ ನೋಡಿ ಕೊನೆಗೆ ಸಿಕ್ಕಿದ್ದು ಚೆನ್ನೈ ಕಡೆಯ ಯಾವುದೋ ಶಾಲೆಯ ಹುಡುಗ, ಅವನದ್ದೂ ಹಳದಿ ಟೋಪಿ. ಆಗಲೇ ನಾನು ಅವನಿಗೆ "ಏಯ್, ನೆಟ್ಟಗೆ ಲೈನಲ್ಲಿ ನಿಲ್ಲೋ" ಅಂತ ಗದರಿದ್ದೆ, ಪಾಪ ಭಾಷೆ ಗೊತ್ತಿಲ್ದಿದ್ರೂ ಟೀಚರ್ ಗಂಟಲು ಅಂತ ಗೊತ್ತಾಗಿ ತೆಪ್ಪಗೆ ನಿಂತಿದ್ದ.

ನಿಜವಾದ ಪ್ರಾಣಸಂಕಟ ಆಗಿದ್ದು ಮೆಟ್ರೋದಲ್ಲಿ. ದಿನಾ ಬಸ್ಸೇ, ಒಂದು ದಿನ ಮಾತ್ರ ಮಕ್ಕಳಿಗೆ ಅನುಭವ ಆಗ್ಲಿ ಅಂತ ಎಂಆರ್‌ಟಿ. ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದು (ಮೂರು ದಿನ ಪನೀರ್ ಬಟರ್ ಮಸಾಲ ತಿಂದ ನಾಲಿಗೆಗೆ ಆ ದೋಸೆ ಅಮೃತ) ಸೆರಂಗೂನ್ ರೋಡಲ್ಲಿ ಹೂವು, ಮಾವಿನೆಲೆ ಎಲ್ಲ ನೋಡಿ, ಅರೆ ಇದು ನಮ್ಮ ಮಲ್ಲೇಶ್ವರನೇ ಅನ್ನೋ ಭ್ರಮೆಯಲ್ಲಿ ರೈಲು ಹತ್ತಿಬಿಟ್ವಿ. ಬಾಗಿಲು ಮುಚ್ಚಿತು. 33. ಗಾಜಿನಾಚೆ ಪ್ಲಾಟ್‌ಫಾರಂ ಮೇಲೆ ಒಂದು ಹಳದಿ ಟೋಪಿ, ಶೂ ಲೇಸ್ ಕಟ್ಕೊಳ್ತಾ ಕೂತಿದೆ. ನಮ್ಮ ಬಿಎಂಟಿಸಿ ಆಗಿದ್ರೆ "ಓಲ್ಡಾನ್ ಓಲ್ಡಾನ್" ಅಂತ ಕೂಗಿ ಬಸ್ಸಿನ ತಗಡು ಬಡಿದು ನಿಲ್ಲಿಸಬಹುದಿತ್ತು. ಬಾಯಿ ತೆಗೆದೆ ಕೂಡ. ಆದ್ರೆ ಆ ಲೈನಿನ ರೈಲಿಗೆ ಡ್ರೈವರ್ರೇ ಇಲ್ಲ! ಯಾರಿಗೆ ಅಂತ ಕೂಗೋದು? ಮುಂದಿನ ಸ್ಟೇಷನ್ ಧೋಬಿ ಘಾಟ್, ಹೆಸರು ನಮ್ಮದೇ, ಅಲ್ಲಿ ಎಲ್ರನ್ನೂ ಇಳಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದೆ, ಮ್ಯಾಥ್ಸ್ ಮೇಷ್ಟ್ರು ವಾಪಸ್ ಹೋದ್ರು. ಹತ್ತು ನಿಮಿಷ ಆಗಿರ್ಬಹುದು. ಅಷ್ಟರಲ್ಲಿ ನಾನು ಆ ಹುಡುಗನ ಅಪ್ಪಂಗೆ ಫೋನಲ್ಲಿ ಏನು ಹೇಳ್ಬೇಕು ಅಂತ ಮನಸ್ಸಲ್ಲೇ ನಾಲ್ಕು ಡ್ರಾಫ್ಟ್ ಮಾಡಿದ್ದೆ, ರಾಜೀನಾಮೆ ಪತ್ರದ್ದು ಒಂದು. ಅವನು ಬಂದವನೇ, ಮಿಸ್, ಅನೌನ್ಸ್‌ಮೆಂಟಲ್ಲಿ ಮಲಯ್ ಭಾಷೇಲಿ "ಬರ್‌ಹಾತಿ ಹಾತಿ" ಅಂತಾರೆ, ಕೇಳೋಕೆ ಹ್ಯಾಪಿ ಹ್ಯಾಪಿ ಅಂದಂಗಿದೆ ಅಂದ. ಹುಷಾರು ಹುಷಾರು ಅಂತ ಅದರರ್ಥವಂತೆ. ಕಳೆದುಹೋದವನಿಗೆ ಹ್ಯಾಪಿ, ಹುಷಾರೆಲ್ಲ ಎಣಿಸೋಳಿಗೆ.

ರಾತ್ರಿ ಆದ್ರೆ ನಿದ್ದೆ ಬರುತ್ತಾ ಅಂದ್ರೆ ಅದೂ ಇಲ್ಲ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ ಹತ್ತೂವರೆಗೆ ಊಟ ಮುಗಿಸಿ ಆರಾಮಾಗಿ "ಮಿಸ್, ಮಗಳು ಮೊಸರನ್ನ ತಿಂದ್ಲಾ?" ಅಂತ ವಾಟ್ಸಾಪ್ ಮಾಡಿದ್ರೆ ಅಲ್ಲಿ ಮಧ್ಯರಾತ್ರಿ ಒಂದು ಗಂಟೆ. ತಿಂದ್ಲು ಅಂತ ಬರೆದ್ರೆ ಫೋಟೋ ಕಳಿಸಿ ಅಂತಾರೆ. ಎದ್ದಿದೀನಲ್ಲ ಅಂತ ಕಾರಿಡಾರಲ್ಲಿ ಒಂದು ರೌಂಡು, ಪ್ರತಿ ಬಾಗಿಲಿಗೂ ಕಿವಿ. ಎರಡು ಗಂಟೆಗೆ ಯಾವ ರೂಮಲ್ಲಿ ಇಸ್ಪೀಟು ನಡೀತಿದೆ ಅನ್ನೋದು ನಗುವಿಂದಲೇ ಗೊತ್ತಾಗುತ್ತೆ. ನಾನು ಬಾಗಿಲು ತಟ್ಟಲಿಲ್ಲ. ನಗ್ತಿದಾರೆ ಅಂದ್ರೆ ಒಳಗಿದಾರೆ ಅಂತ ತಾನೆ.

ವಾಪಸ್ ಬಂದು ಬೆಂಗಳೂರಲ್ಲಿ ಇಳಿದಾಗ ರಾತ್ರಿ ಒಂಬತ್ತೂವರೆ. ಹೊರಗೆ ಅಪ್ಪ ಅಮ್ಮಂದಿರು ಸಾಲಾಗಿ ನಿಂತಿದ್ರು, ಮಕ್ಕಳು ಟ್ರಾಲಿ ಬಿಟ್ಟು ಓಡಿದ್ವು. ರಿಜಿಸ್ಟರಲ್ಲಿ ಸಹಿ ತಗೊಂಡು ಕಳಿಸ್ಬೇಕು ಅನ್ನೋದು ನಿಯಮ, ಅಲ್ಲಿ ಯಾರಿಗೆ ಬೇಕಿತ್ತು. ಐದು ದಿನ ಕೂಡಿಸಿ ಕೂಡಿಸಿ ಇಟ್ಟ ಲೆಕ್ಕ ಕಣ್ಣೆದುರೇ ಕರಗಿ 20 ಆಯ್ತು, 11 ಆಯ್ತು, 4 ಆಯ್ತು. ಖುಷಿ ಆಗ್ಬೇಕಿತ್ತು, ಕೈ ಮಾತ್ರ ಗಾಳಿಯಲ್ಲಿ ತಲೆ ಹುಡುಕ್ತಿತ್ತು. ಕೊನೆಗೆ ಉಳಿದವನು ಯಾರು ಅಂತ ಬೇರೆ ಹೇಳ್ಬೇಕಾ, ಅದೇ ಶೂ ಲೇಸಿನವನು. ಅವರಪ್ಪ ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ರು. ಇಬ್ರೂ ಕಟ್ಟೆ ಮೇಲೆ ಕೂತು, ಅವನ ಬ್ಯಾಗಲ್ಲಿ ಸಿಂಗಪುರಕ್ಕೆ ಹೋಗಿ ಹಂಗೇ ವಾಪಸ್ ಬಂದಿದ್ದ ಚಕ್ಲಿ ತಿಂದ್ವಿ.

"ಮಿಸ್, ಎಣಿಸಲ್ವಾ?" ಅಂದ.

ಒಬ್ಬನ್ನ ಏನೋ ಎಣಿಸೋದು ಅಂದೆ. ಅವನು ಚಕ್ಲಿ ಹಿಡಿದ ಕೈ ನನ್ನ ಕಡೆ ತೋರಿಸಿ "ಲಾಭ" ಅಂದ, ಆಮೇಲೆ ತನ್ನ ಎದೆ ಮುಟ್ಕೊಂಡು "ಎರಡು". ಅಷ್ಟೊತ್ತಿಗೆ ಅವರಪ್ಪನ ಕಾರು ಬಂತು.